ಮುಖ ನೋಡದೆ ಕಾಲು ನೋಡುವ ದಬ್ಬಣದಕ್ಕ

ಬೆಳಗಿನ ಐದೂಕಾಲು. ಬಸ್ ನಿಲ್ದಾಣದ ಹಿಂಬದಿ ಗೇಟಿನಲ್ಲಿ, ಮೇಲ್ಸೇತುವೆಗೆ ಹತ್ತುವ ಮೆಟ್ಟಿಲುಗಳ ಕೆಳಗೆ, ಒಬ್ಬ ಹೆಂಗಸು ದಪ್ಪ ಗೋಣಿಚೀಲ ಹಾಸಿ ಕೂರುತ್ತಾರೆ. ಮೂರು ಕಾಲಿನ ಕಬ್ಬಿಣದ ಅಚ್ಚು ಎದುರಿಗೆ, ಸುತ್ತಿಗೆ ಬಲಕ್ಕೆ, ಅಂಟಿಸುವ ಸೊಲ್ಯೂಷನ್ ಡಬ್ಬಿ ಎಡಕ್ಕೆ. ಮೇಣ ಹಚ್ಚಿದ ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದು ನೋಡುತ್ತಾರೆ. ಮೊದಲ ಬಸ್ಸು ಬರುತ್ತದೆ. ನಿದ್ದೆಗಣ್ಣಿನ ಜನ ಇಳಿಯುತ್ತಾರೆ. ಅಕ್ಕ ತಲೆ ಎತ್ತುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಮೊಣಕಾಲಿನಿಂದ ಕೆಳಗಿನ ಪ್ರಪಂಚ ಮಾತ್ರ.

ನನ್ನನ್ನು ಅವರು ಮಾತಾಡಿಸಿದ್ದೂ ಹಾಗೆಯೇ. ನಾನು ಹೆಸರು ಹೇಳಿ, ಪತ್ರಿಕೆಯ ಹೆಸರು ಹೇಳಿ, ಗತ್ತಿನಿಂದ ನಿಂತಿದ್ದೆ. ಅವರು ನನ್ನ ಬೂಟು ನೋಡಿ, ‘ಬಲಗಾಲು ಒತ್ತಿ ನಡೀತೀರ. ಸೊಂಟ ನೋವಾ?’ ಎಂದು ಕೇಳಿದರು. ನೋವಿತ್ತು. ಎರಡು ವರ್ಷದಿಂದ ಹೆಂಡತಿಗೂ ಹೇಳಿರಲಿಲ್ಲ. ನನ್ನ ಗತ್ತು ಅಲ್ಲಿಗೇ ಠುಸ್ ಅಂದಿತು.

ನಿಲ್ದಾಣದವರು ಇವರನ್ನು ಕರೆಯುವುದು ದಬ್ಬಣದಕ್ಕ ಎಂದು. ವಯಸ್ಸು ಐವತ್ತೆಂಟು. ಈ ಜಾಗ ಮೊದಲು ಗಂಡನದಾಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಅವರಿಗೆ ಕೈ ನಡುಕ ಶುರುವಾಗಿ, ಉಳಿ ಹಿಡಿದರೆ ತಮ್ಮ ಬೆರಳನ್ನೇ ಚುಚ್ಚಿಕೊಳ್ಳುವಂತಾಯಿತು. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಅಕ್ಕ ಬಂದು ಕೂತರು. ಮೊದಲ ಮೂರು ತಿಂಗಳು ಗಂಡಸರು ದೂರದಿಂದಲೇ ನೋಡಿ ಹೋಗುತ್ತಿದ್ದರಂತೆ. ‘ಹೆಂಗಸಿನ ಕೈಗೆ ಬೂಟು ಕೊಡೋಕೆ ನಾಚಿಕೆ. ಕಿತ್ತೋದ ಬೂಟಲ್ಲಿ ಊರೆಲ್ಲಾ ತಿರುಗೋಕೆ ನಾಚಿಕೆ ಇಲ್ಲ ನೋಡಿ’ ಎಂದು ನಗುತ್ತಾರೆ. ಈಗ ದಿನಕ್ಕೆ ಮೂವತ್ತರಿಂದ ಮೂವತ್ತೈದು ಜೊತೆ ಕೈ ದಾಟುತ್ತವೆ. ಮಧ್ಯಾಹ್ನ ಎರಡಕ್ಕೆ ಮನೆ. ಉಳಿದ ಕೆಲಸ ಮನೆಯಲ್ಲಿ, ಗಂಡನ ಎದುರಿಗೆ. ಆತ ಈಗಲೂ ಒಂದೊಂದು ಹೊಲಿಗೆಯನ್ನೂ ಎಣಿಸಿ ತಪ್ಪು ಹಿಡಿಯುತ್ತಾರೆ.

ಇಷ್ಟೇ ಆಗಿದ್ದರೆ ಇವರು ಚೆನ್ನಾಗಿ ಚಪ್ಪಲಿ ಹೊಲಿಯುವವರು, ಅಷ್ಟೆ. ನಾನು ನಸುಕಿನಲ್ಲಿ ಎದ್ದು ಬರುತ್ತಿರಲಿಲ್ಲ. ಬಂದದ್ದು ಬೇರೊಂದು ಲೆಕ್ಕ ಕೇಳಿ. ಮರೆವಿನ ಕಾಯಿಲೆಯಿಂದ ದಾರಿ ತಪ್ಪಿ ಮನೆ ಬಿಟ್ಟು ಹೋದ ಹದಿನಾಲ್ಕು ಮಂದಿ ಹಿರಿಯರು, ಕಳೆದ ಒಂಬತ್ತು ವರ್ಷಗಳಲ್ಲಿ, ಈ ಹೆಂಗಸಿನ ದೆಸೆಯಿಂದ ಮನೆ ಸೇರಿದ್ದಾರೆ. ಅಲ್ಝೈಮರ್ಸ್ ಎಂಬ ಹೆಸರು ಅಕ್ಕನ ನಾಲಿಗೆಗೆ ಹೊರಳುವುದಿಲ್ಲ. ‘ಆ ಮರೆವು’ ಎನ್ನುತ್ತಾರೆ.

ಅದು ಶುರುವಾದದ್ದು ಒಂದು ದೊಡ್ಡ ಎಡವಟ್ಟಿನಿಂದ. ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಎಡದ ಚಪ್ಪಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ಗೇಟು ದಾಟುತ್ತಿದ್ದರು. ಅಕ್ಕ ಕೂರಿಸಿ ಮಾತಾಡಿಸಿದರು. ಅಜ್ಜಿ ಮನೆಯ ನಂಬರು, ಬೀದಿ, ಎದುರಿನ ಮನೆಯವರ ಹೆಸರು ಎಲ್ಲವನ್ನೂ ಪಟಪಟನೆ ಹೇಳಿದರು. ಇನ್ನೇನು ಬೇಕು? ಅಕ್ಕ ಗಂಟುಮೂಟೆ ಕಟ್ಟಿ, ಎರಡು ಬಸ್ಸು ಬದಲಾಯಿಸಿ, ಊರಿನ ಆ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಆ ಮನೆಯೇ ಇರಲಿಲ್ಲ. ಅದು ಅಜ್ಜಿ ಹುಟ್ಟಿ ಬೆಳೆದ ಮನೆಯ ವಿಳಾಸ, ಕೆಡವಿ ಮೂವತ್ತು ವರ್ಷವಾಗಿತ್ತು. ಇತ್ತ ನಿಲ್ದಾಣದಿಂದ ಮೂರೇ ಬೀದಿ ಆಚೆಗಿದ್ದ ಮಗ ಇಡೀ ದಿನ ತಾಯಿಗಾಗಿ ಬಾಯಿ ಬಡಿದುಕೊಂಡು ಓಡಾಡುತ್ತಿದ್ದ. ಸಂಜೆ ಇಬ್ಬರೂ ವಾಪಸ್ ಬಂದಾಗ ಅಕ್ಕನಿಗೆ ಸಿಕ್ಕಿದ್ದು ಬೈಗುಳದ ಸುರಿಮಳೆ. ಎಲ್ಲಿಗೆ ಕದ್ದುಕೊಂಡು ಹೋಗಿದ್ದೆ ಎಂದೂ ಕೇಳಿದನಂತೆ.

‘ಬೈದಿದ್ದಕ್ಕೆ ಬೇಜಾರಿಲ್ಲ ಸಾರ್, ಅವನ ಜಾಗದಲ್ಲಿ ನಾನಿದ್ರೂ ಬೈತಿದ್ದೆ. ಅಷ್ಟು ಚೆನ್ನಾಗಿ ಹೇಳಿದ್ರಲ್ಲ, ಅದಕ್ಕೇ ನಾನು ಮೋಸ ಹೋದೆ. ಆ ಮರೆವಿರೋರು ಹಳೇದನ್ನ ನಮಗಿಂತ ಚೆನ್ನಾಗಿ ಹೇಳ್ತಾರೆ’ ಎನ್ನುತ್ತಾರೆ ಅಕ್ಕ.

ಆ ವಾರವೇ ಅವರು ಅಜ್ಜಿಯ ಚಪ್ಪಲಿ ಕೇಳಿ ತರಿಸಿಕೊಂಡರು. ಪಟ್ಟಿಯ ಒಳಬದಿಗೆ ಕೆಂಪು ದಾರದಲ್ಲಿ ಮಗನ ಫೋನ್ ನಂಬರ್ ಹೊಲಿದರು. ಹಿಮ್ಮಡಿಯ ಹಿಂದೆ, ಹೊರಗೆ ಕಾಣುವಂತೆ, ಅದೇ ದಾರದ ಎರಡು ಅಡ್ಡ ಹೊಲಿಗೆ. ಆ ಗುರುತು ಕಂಡರೆ ಒಳಗೆ ನಂಬರ್ ಇದೆ ಎಂದರ್ಥ. ಬಸ್ ಚಾಲಕರಿಗೆ, ನಿರ್ವಾಹಕರಿಗೆ, ಠಾಣೆಯವರಿಗೆ, ಆಸ್ಪತ್ರೆಯ ಬಾಗಿಲು ಕಾಯುವವರಿಗೆ, ಬೀದಿ ಗುಡಿಸುವವರಿಗೆ ಅಕ್ಕ ಒಬ್ಬೊಬ್ಬರಿಗೂ ಹೇಳಿಟ್ಟಿದ್ದಾರೆ. ಕುತ್ತಿಗೆಗೆ ಒಂದು ಚೀಟಿ ನೇತುಹಾಕಿದರೆ ಸುಲಭವಲ್ಲವೇ ಎಂದರೆ ಹುಬ್ಬು ಗಂಟಿಕ್ಕುತ್ತಾರೆ. ‘ಬೋರ್ಡ್ ನೇತುಹಾಕೋಕೆ ಅವರೇನು ಬಾಡಿಗೆ ಮನೆಯಾ? ಜೇಬಿನ ಚೀಟಿ ಒಗೆಯೋಕೆ ಹೋಗುತ್ತೆ, ಕೈಪಟ್ಟಿ ಕಿತ್ತು ಬಿಸಾಕ್ತಾರೆ. ಚಪ್ಪಲಿ ಮಾತ್ರ ಹುಡುಕಿ ಹಾಕ್ಕೊಂಡೇ ಹೋಗ್ತಾರೆ. ಎಷ್ಟು ಜನ್ಮದ ಅಭ್ಯಾಸವೋ ಏನೋ.’

ಇಲ್ಲಿಯವರೆಗೆ ಇನ್ನೂರ ಹನ್ನೆರಡು ಜೊತೆಗೆ ನಂಬರ್ ಬಿದ್ದಿದೆ. ಇದಕ್ಕೆ ಮಾತ್ರ ಕೂಲಿ ಮುಟ್ಟುವುದಿಲ್ಲ. ಸಿಗದವರೂ ಇದ್ದಾರೆ. ಬರಿಗಾಲಲ್ಲಿ ಹೋದ ಒಬ್ಬ ಅಜ್ಜ ಇಂದಿಗೂ ಪತ್ತೆಯಿಲ್ಲ. ಆ ಮಾತು ಬಂದಾಗ ಅಕ್ಕ ಸುತ್ತಿಗೆ ಕೆಳಗಿಡುತ್ತಾರೆ.

ಈ ವರ್ಷದ ಆರಂಭದಲ್ಲಿ ಆ ಕೆಂಪು ದಾರವೇ ಕೈಕೊಟ್ಟಿತು.

ಹಳೆಯ ಮುದ್ರಣಾಲಯವೊಂದರಲ್ಲಿ ಮೂವತ್ತಾರು ವರ್ಷ ಅಚ್ಚುಮೊಳೆ ಜೋಡಿಸಿದವರು ಪ್ರೆಸ್ ಅಜ್ಜ. ವಯಸ್ಸು ಎಪ್ಪತ್ತೆಂಟು, ಮಗಳು ಅಳಿಯನ ಜೊತೆ ವಾಸ. ಆ ಮರೆವು ಇವರಿಗೂ ಇದ್ದುದರಿಂದ ಅಕ್ಕ ಹಿಂದೆಯೇ ಇವರ ಎರಡು ಜೊತೆಗೆ ನಂಬರ್ ಹೊಲಿದುಕೊಟ್ಟಿದ್ದರು. ಮಗಳು ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಒಂದು ಬೆಳಿಗ್ಗೆ ಹಾಲು ತೆಗೆದುಕೊಂಡು ಚಿಲಕ ಹಾಕಲು ಮರೆತು ಆಕೆ ಸ್ನಾನಕ್ಕೆ ಹೋದರು. ಹತ್ತು ನಿಮಿಷ. ಬಂದು ನೋಡಿದರೆ ಅಪ್ಪನ ಹಾಸಿಗೆ ಖಾಲಿ, ಬಾಗಿಲು ಹಾರುಹೊಡೆದಿತ್ತು. ಆ ದಿನವೆಲ್ಲಾ ಹುಡುಕಿದರು. ಠಾಣೆಗೆ ಫೋಟೋ ಕೊಟ್ಟರು, ಬಿಳಿ ಅಂಗಿ, ಕಂದು ಚಪ್ಪಲಿ ಎಂದು ಬರೆಸಿದರು. ಮಾರನೆಯ ದಿನ ಬೆಳಗಿನ ಐದೂವರೆಗೆ ಆಕೆ ನಿಲ್ದಾಣದ ಕಂಬಕ್ಕೆ ಅಪ್ಪನ ಫೋಟೋ ಅಂಟಿಸುತ್ತಿದ್ದಾಗ ಅಕ್ಕ ನೋಡಿದರು.

‘ನಾನು ಅಳ್ತಾ ಫೋಟೋ ತೋರಿಸಿದ್ರೆ ಅಕ್ಕ ನೋಡ್ಲೇ ಇಲ್ಲ’ ಎಂದು ಮಗಳು ನೆನಪಿಸಿಕೊಳ್ಳುತ್ತಾರೆ. ‘ಹಾಕ್ಕೊಂಡು ಹೋಗಿರೋದು ಬಿಡು ಕಣಮ್ಮ, ಮನೇಲಿ ಏನು ಉಳಿದಿದೆ ಹೇಳು ಅಂದ್ರು. ನನಗೆ ರೇಗಿಹೋಯ್ತು. ಆದ್ರೂ ಮನೆಗೆ ಫೋನ್ ಮಾಡಿದೆ.’

ಅಳಿಯ ಚಪ್ಪಲಿ ಗೂಡು ತೆಗೆದು ನೋಡಿದರು. ಅಕ್ಕ ನಂಬರ್ ಹೊಲಿದಿದ್ದ ಎರಡೂ ಜೊತೆ ಅಲ್ಲಿಯೇ ಇದ್ದವು. ಕಂದು ಚಪ್ಪಲಿಯೂ! ಅಪ್ಪ ಯಾವಾಗಲೂ ಅದನ್ನೇ ಹಾಕುತ್ತಾರೆಂದು ಮಗಳು ಕಣ್ಣು ಮುಚ್ಚಿ ಬರೆಸಿದ್ದರು. ಹಾಗಾದರೆ ಅಜ್ಜ ಹಾಕಿಕೊಂಡು ಹೋದದ್ದು ಏನನ್ನು? ‘ಅಟ್ಟ, ಪೆಟ್ಟಿಗೆ, ಮಂಚದ ಕೆಳಗೆ, ಎಲ್ಲಾ ನೋಡೋಕೆ ಹೇಳು’ ಎಂದರು ಅಕ್ಕ. ಮಂಚದ ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಅದರಲ್ಲಿದ್ದ, ಪ್ರೆಸ್ಸಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ಕಪ್ಪು ಬೂಟು ಮಾಯವಾಗಿತ್ತು.

‘ಬೂಟು ಹಾಕಿದ್ದಾರೆ ಅಂದ್ರೆ ಸುಮ್ನೆ ಅಲೆಯೋಕೆ ಹೋಗಿಲ್ಲ. ಕೆಲಸಕ್ಕೆ ಹೋಗಿದ್ದಾರೆ’ ಎಂದರಂತೆ ಅಕ್ಕ.

ಪ್ರೆಸ್ಸು ಇದ್ದ ಕಟ್ಟಡ ಈಗ ಪೀಠೋಪಕರಣದ ದೊಡ್ಡ ಮಳಿಗೆ. ಅಲ್ಲಿಗೆ ಮಗಳು ಹಿಂದಿನ ಮಧ್ಯಾಹ್ನವೇ ಹೋಗಿಬಂದಿದ್ದರು. ಗಾಜಿನ ಬಾಗಿಲಲ್ಲಿ ನಿಂತ ಕಾವಲುಗಾರ ಅಂಥವರು ಯಾರೂ ಬಂದಿಲ್ಲವೆಂದು ಹೇಳಿ ಕಳಿಸಿದ್ದ. ಆಗ ಅಕ್ಕ ಕೇಳಿದರೆಂದು ಮಗಳು ಹೇಳಿದ ಪ್ರಶ್ನೆಯನ್ನು ನಾನು ಎಂದೂ ಮರೆಯಲಾರೆ. ‘ನಿಮ್ಮಪ್ಪ ಅಲ್ಲಿ ಮಾಲೀಕರಾಗಿದ್ರಾ, ಕೆಲಸಗಾರರಾಗಿದ್ರಾ? ಕೆಲಸದವರು ಮುಂದಿನ ಬಾಗಿಲಲ್ಲಿ ಹೋಗ್ತಿದ್ರೇನಮ್ಮ?’

ಮಗಳಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನನ್ನು ನೋಡಲು ಹೋದಾಗಲೆಲ್ಲಾ ಮುಂಬಾಗಿಲಲ್ಲೇ ಕಾಯುತ್ತಿದ್ದರು. ಅಕ್ಕ ಅಂಗಡಿಯನ್ನು ಹಾಗೇ ಬಿಟ್ಟು, ಸುತ್ತಿಗೆಯನ್ನೂ ಒಳಗಿಡದೆ, ಮಗಳ ಕೈ ಹಿಡಿದು ಆಟೋ ಹತ್ತಿದರು. ಕಟ್ಟಡದ ಹಿಂದೆ ಕಿರಿದಾದ ಓಣಿ, ಬೆಸುಗೆ ಹಾಕಿ ಮುಚ್ಚಿದ ಹಳೆಯ ಕಬ್ಬಿಣದ ಗೇಟು, ಅದರ ಮುಂದೆ ಆಳೆತ್ತರ ಪೇರಿಸಿದ ಖಾಲಿ ಪೆಟ್ಟಿಗೆಗಳು. ಅವುಗಳ ಸಂದಿಯಲ್ಲಿ, ಗೇಟಿಗೆ ಬೆನ್ನು ಕೊಟ್ಟು, ಪ್ರೆಸ್ ಅಜ್ಜ ಕೂತಿದ್ದರು. ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಒಂದು ಹಗಲು ಒಂದು ರಾತ್ರಿ ಒಂದು ಹನಿ ನೀರಿಲ್ಲ. ಇವರನ್ನು ನೋಡಿ, ‘ಇವತ್ತು ಗೇಟ್ ತೆಗೆಯೋದು ತಡ ಆಯ್ತು’ ಎಂದರು.

ಅಪ್ಪಾ ಎಂದು ಮಗಳು ಬಿಕ್ಕಿದರೆ ಅಜ್ಜ ಯಾರೋ ಹೊರಗಿನವರನ್ನು ನೋಡಿದ ಹಾಗೆ ನೋಡಿದರು. ಮನೆಗೆ ಹೋಗೋಣವೆಂದರೆ ಪೆಟ್ಟಿಗೆ ಹಿಡಿದು ಬಿಗಿಯಾಗಿ ಕೂತರು. ಮಗಳು ಬಾಟಲಿಯಿಂದ ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದಾಗ ಅಕ್ಕ ಬಳಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದರು: ‘ಯಜಮಾನ್ರೇ, ಇವತ್ತು ರಜೆ ಅಂತೆ. ಮುಂದುಗಡೆ ಬೋರ್ಡ್ ಹಾಕಿದ್ದಾರೆ.’ ಅಜ್ಜನಿಗೆ ಸಿಟ್ಟು ಬಂತು. ‘ಮೊದಲೇ ಹೇಳೋದಲ್ವಾ? ಬೆಳಿಗ್ಗೆಯಿಂದ ಕಾದಿದ್ದೀನಿ!’ ಗೊಣಗುತ್ತಲೇ ಏಳಲು ಹೋದರೆ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು. ಅಕ್ಕ ಸೆರಗಿನ ತುದಿಯಲ್ಲಿದ್ದ ಮೇಣದ ದಾರ ಬಿಚ್ಚಿ ಅಟ್ಟೆಯನ್ನು ಸುತ್ತಿ ಕಟ್ಟಿ, ಆಮೇಲೆ ಕೈ ಹಿಡಿದು ನಡೆಸಿದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಮಧ್ಯಾಹ್ನದವರೆಗೆ ಅಲ್ಲೇ ಬಿಸಿಲಲ್ಲಿ ಇದ್ದಿದ್ದರೆ ಉಳಿಸುವುದು ಕಷ್ಟವಿತ್ತು ಎಂದು ವೈದ್ಯರು ಮಗಳಿಗೆ ಹೇಳಿದರು.

ಹೊಗಳಿದರೆ ಅಕ್ಕ ಒಪ್ಪುವುದಿಲ್ಲ. ‘ಏನು ಹೊಗಳ್ತೀರ ಬಿಡಿ. ನನ್ನ ನಂಬರ್ ಮನೇಲಿ ಗೂಡಲ್ಲಿ ಬೆಚ್ಚಗೆ ಕೂತಿತ್ತು. ಹಳೇ ಬೂಟು ಇದೆಯಾ ಅಂತ ನಾನು ಮೊದಲೇ ಕೇಳ್ಬೇಕಿತ್ತು. ಹಳೇ ಕಾಲಕ್ಕೆ ಹೋಗೋರು ಹಳೇ ಬೂಟೇ ಹಾಕ್ತಾರೆ ಅನ್ನೋ ಬುದ್ಧಿ ನನಗೆ ಬರ್ಲಿಲ್ಲ.’ ಅಂದಿನಿಂದ ಯಾರೇ ಬಂದರೂ ಮನೆಯಲ್ಲಿರುವ ಅಷ್ಟೂ ಜೋಡುಗಳನ್ನು ತರಬೇಕು, ಮದುವೆಯ ದಿನದ್ದಾದರೂ ಸರಿ, ಇಲಿ ಕಡಿದದ್ದಾದರೂ ಸರಿ. ಜನ ಚೀಲಗಟ್ಟಲೆ ಹೊತ್ತು ತಂದು ಗೊಣಗುತ್ತಾರೆ, ಅಕ್ಕ ಕಿವಿಗೆ ಹಾಕಿಕೊಳ್ಳುವುದಿಲ್ಲ. ಓದಿದ ನಾವು ಕಳೆದುಹೋದವರ ಮುಖದ ಫೋಟೋ ಹಿಡಿದು ಊರೆಲ್ಲಾ ಅಲೆಯುತ್ತೇವೆ, ಅವರ ಮನಸ್ಸು ಎಲ್ಲಿಗೆ ಹೊರಟಿತ್ತು ಎಂದು ಕೇಳುವವರು ನಮ್ಮಲ್ಲಿ ಯಾರಿದ್ದಾರೆ? ಈ ಹೆಂಗಸಿನ ಮೇಲೆ ನನಗಿರುವುದು ಬರೀ ಮೆಚ್ಚುಗೆಯಲ್ಲ, ಒಂಚೂರು ಹೊಟ್ಟೆಕಿಚ್ಚೂ ಇದೆ.

ಏಳು ಗಂಟೆಗೆ ಪ್ರೆಸ್ ಅಜ್ಜ ಮಗಳ ಕೈ ಹಿಡಿದು ಬರುತ್ತಾರೆ. ಕಚೇರಿಗೆ ಹೊರಡುವ ಮೊದಲು ಮಗಳು ಅವರನ್ನು ದಿನವೂ ಇಲ್ಲಿಯವರೆಗೆ ನಡೆಸಿಕೊಂಡು ಬರುತ್ತಾರೆ. ಅಕ್ಕ ಮಣೆ ಕೊಡುತ್ತಾರೆ. ಅಜ್ಜ ಕೂತು ಕಾಲು ಚಾಚುತ್ತಾರೆ. ಅಕ್ಕ ಅದೇ ಕಪ್ಪು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಒಳಗಿನ ನಂಬರಿನ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡುತ್ತಾರೆ. ಅಜ್ಜ ನನ್ನ ಕಡೆ ತಿರುಗುತ್ತಾರೆ.

‘ನಾನೊಂದು ಸಲ ಕಳೆದುಹೋಗಿದ್ನಂತೆ. ಯಾರೋ ಹೆಣ್ಣುಮಗಳು ಹುಡುಕಿ ಕರ್ಕೊಂಡು ಬಂದ್ಲಂತೆ. ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು ಅಂತಿದ್ದೀನಿ.’ ಆಮೇಲೆ ಅಕ್ಕನ ಕಡೆ ಬಾಗಿ ಕೇಳುತ್ತಾರೆ: ‘ನಿನಗೇನಾದ್ರೂ ಗೊತ್ತಾ ತಾಯಿ, ಅದು ಯಾರು ಅಂತ?’

ಅಕ್ಕ ದಾರದ ಗಂಟು ಬಿಗಿಯುತ್ತಾರೆ. ‘ಇಲ್ಲ ಯಜಮಾನ್ರೇ. ಇಲ್ಲೇ ಎಲ್ಲೋ ಇರ್ತಾರೆ ಬಿಡಿ.’

‘ಸಿಕ್ಕಿದ್ರೆ ಹೇಳ್ತೀಯಲ್ಲ?’

‘ಹೇಳ್ದೆ ಇರ್ತೀನಾ?’

ಮಗಳು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಇಬ್ಬರೂ ಗೇಟು ದಾಟಿ ಹೋದ ಮೇಲೆ ನಾನು ತಡೆಯಲಾರದೆ ಕೇಳುತ್ತೇನೆ, ನಾನೇ ಎಂದು ಒಂದು ಮಾತು ಹೇಳಬಾರದಿತ್ತೇ?

‘ಹೇಳಿದ್ದೆ ಸಾರ್, ಮೊದಮೊದಲು. ಕೈ ಹಿಡ್ಕೊಂಡು ಮಗು ಥರ ಅತ್ರು. ಮಾರನೇ ದಿನ ಮರೆತುಹೋಗಿತ್ತು. ಮತ್ತೆ ಕೇಳಿದ್ರು, ಮತ್ತೆ ಹೇಳಿದೆ, ಮತ್ತೆ ಅಷ್ಟೇ ಅತ್ರು. ವಯಸ್ಸಾದವರನ್ನ ದಿನಾ ಯಾಕೆ ಅಳಿಸ್ಲಿ?’ ಅಕ್ಕ ಮುಂದಿನ ಬೂಟನ್ನು ಅಚ್ಚಿಗೆ ಏರಿಸುತ್ತಾರೆ. ‘ನಾಳೆನೂ ಬಂದು ಹಿಂಗೇ ಕಾಲು ಚಾಚಿ ಕೂತ್ಕೊಳ್ಳಲಿ. ನನಗೆ ಅಷ್ಟೇ ಸಾಕು.’