ಅಡ್ಡ ಬಂದ ಅಡ್ಡಹೆಸರು

ನನ್ನ ತಮ್ಮ ಕಲ್ಮೇಶನನ್ನು ಡಲ್ಲಾಸ್‌ನ ಅವನ ಆಫೀಸಿನಲ್ಲಿ ಎಲ್ಲರೂ ಮಿಸ್ಟರ್ ಬ್ಯಾಜರ್ ಎನ್ನುತ್ತಾರೆ. ಬ್ಯಾಜರ್ ಎಂದರೆ ನೆಲ ಕೆದರುವ ಒಂದು ಪ್ರಾಣಿ. ಬಡಿಗೇರ ಎಂಬ ನಮ್ಮ ಅಡ್ಡಹೆಸರು ಅಮೆರಿಕನ್ನರ ನಾಲಿಗೆಯಲ್ಲಿ ಹಾಗಾಗಿದೆ. ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಅದನ್ನು ತಿದ್ದಿಲ್ಲ. ಪ್ರಾಣಿ ಅಂದರೂ ಚಿಂತೆಯಿಲ್ಲ, ಮರಗೆಲಸದ ಬಡಿಗ ಅನ್ನಬಾರದು. ಕನ್ನಡ ಸಂಘದಲ್ಲಂತೂ ಅವನು ಬರೀ ಕಲ್ಮೇಶ್ ಬಿ. ಅಲ್ಲಿ ಪೂರ್ತಿ ಹೆಸರು ಹೇಳಿದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂದು ಧಾರವಾಡದ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಅವನ ಈ ಹೆದರಿಕೆ ನಮ್ಮ ಅಜ್ಜ ಮೋನಪ್ಪನಿಂದ ಬಂದದ್ದು. ಬ್ರಿಟಿಷರ ಕಾಲದಲ್ಲಿ ಅಜ್ಜ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯನ್ನು ಮೊದಲ ನಂಬರಿನಲ್ಲಿ ಪಾಸು ಮಾಡಿ, ಇಂಗ್ಲಿಷ್ ಶಾಲೆ ಸೇರಬೇಕೆಂದು ತಾಲೂಕಿನ ಊರಿಗೆ ನಡೆದುಕೊಂಡು ಹೋದ. ತಪಾಸಣೆಗೆ ಬಂದಿದ್ದ ಸಾಹೇಬ ಅವನ ನಂಬರು ಕೇಳಲಿಲ್ಲ, ಅಡ್ಡಹೆಸರು ಕೇಳಿದ. ಬಡಿಗೇರ ಎಂದ ಕೂಡಲೇ ಕಸುಬಿನ ಶಾಲೆಯ ಕಡೆ ಬೆರಳು ತೋರಿಸಿದ. ಬಡಿಗರ, ಕಮ್ಮಾರರ ಮಕ್ಕಳಿಗೆಂದೇ ಶಾಲೆ ತೆರೆದಿದ್ದೇವೆ, ಅಲ್ಲೇ ಊಟ, ಅಲ್ಲೇ ವಸತಿ, ಇನ್ನೇನು ಬೇಕು ಎಂಬ ದೊಡ್ಡ ಮನಸ್ಸು. ಆ ದೊಡ್ಡ ಮನಸ್ಸಿಗೆ ಬೆಂಕಿ ಹಾಕಬೇಕು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಆ ಶಾಲೆಯಲ್ಲಿ ಕಲಿಸಿದ್ದು ಕುರ್ಚಿ ಮಾಡುವುದನ್ನು. ಬಂಗಲೆಯ ವರಾಂಡದಲ್ಲಿ ಕಾಲು ಚಾಚುವ ಆರಾಮಕುರ್ಚಿ, ಕೋರ್ಟಿನ ಕೈಕುರ್ಚಿ, ಊಟದ ಮೇಜಿನ ಕುರ್ಚಿ. ಅಜ್ಜ ಊರಿಗೆ ಮರಳಿದಾಗ ರೈತರು ಕೇಳಿದ್ದು ಕುಂಟೆ, ಕೂರಿಗೆ, ಬಂಡಿಯ ಗಾಲಿ. ಅದನ್ನು ತನ್ನಪ್ಪನ ಕೈಕೆಳಗೆ ಕಲಿಯುವ ವಯಸ್ಸೆಲ್ಲ ಶಾಲೆಯಲ್ಲಿ ಕಳೆದುಹೋಗಿತ್ತು. ಊರಿನಲ್ಲಿ ಕುರ್ಚಿ ಬೇಕಾದವರು ಗೌಡ, ಕುಲಕರ್ಣಿ ಇಬ್ಬರೇ. ಜನ ಅವನಿಗೆ ಕುರ್ಚಿ ಮೋನಪ್ಪ ಎಂದು ಹೆಸರಿಟ್ಟು ನಕ್ಕರು. ಶಾಲೆಯಲ್ಲಿ ತನ್ನ ಕೈಯಿಂದಲೇ ಆದ ಕುರ್ಚಿಯಲ್ಲಿ ತಾಲೂಕಿನ ಅಧಿಕಾರಿ ಮಾಮಲೇದಾರ ಕುಳಿತಿರಲು, ಅವನೆದುರು ಕೈಕಟ್ಟಿ ನಿಂತು ಬಂದ ದಿನ ಅಜ್ಜ ಉಳಿ, ಬಾಚಿ, ಉಜ್ಜುಗೊರಡು ಎಲ್ಲ ಮಾರಿಬಿಟ್ಟ. ಮುಂದೆ ಇನ್ನೊಬ್ಬರ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ನಮ್ಮಪ್ಪನನ್ನು ಓದಿಸಿದ.

"ನನ್ನ ಮನ್ಯಾಗ ಯಾರೂ ಉಳಿ ಮುಟ್ಟಬಾರ್ದು," ಎಂದು ಅಜ್ಜ ಸಾಯುವ ತನಕ ಹೇಳುತ್ತಿದ್ದ. ನಾನು ಕೇಳಿ ಮರೆತೆ, ಕಲ್ಮೇಶ ಗಟ್ಟಿಯಾಗಿ ಹಿಡಿದ. ಇಂಜಿನಿಯರ್ ಆದ, ಡಲ್ಲಾಸ್‌ಗೆ ಬಂದ, ಪಕ್ಕದ ಕಾಪೆಲ್‌ನಲ್ಲಿ ಮನೆ ಮಾಡಿದ. ಆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಆಳು ಬರಬೇಕು.

ಇಂಥವನ ಹೊಟ್ಟೆಯಲ್ಲಿ ನಿಧಿ ಹುಟ್ಟಿದಳು. ಇಲ್ಲಿಯ ಹೈಸ್ಕೂಲಿನಲ್ಲಿ ಮರಗೆಲಸವೂ ಒಂದು ವಿಷಯ, ಬೇಕಾದವರು ತೆಗೆದುಕೊಳ್ಳಬಹುದು. ಗೆಳತಿಯರ ಜೊತೆ ತಮಾಷೆಗೆ ಸೇರಿದ ಹುಡುಗಿ ಅದರಲ್ಲೇ ಮುಳುಗಿಬಿಟ್ಟಳು. ಅಪ್ಪನಿಗೆ ಗೊತ್ತಾಗದಂತೆ ಅಲ್ಲೇ ಹತ್ತಿರದ ಯೂಲೆಸ್‌ನ ನನ್ನ ಮನೆಯ ಗರಾಜಿನಲ್ಲಿ ಕುಳಿತು ಮರ ಉಜ್ಜುತ್ತಿದ್ದಳು. ನನ್ನ ಕಾರು ಎರಡು ವರ್ಷ ಬಿಸಿಲಲ್ಲೇ ನಿಂತಿತ್ತು. ಹೈಸ್ಕೂಲಿನ ಕೊನೆಯ ವರ್ಷ ಬಂದಾಗ ಅವಳಿಗೆ ಒಂದೇ ಹಟ. ಹಳೆಯ ಮನೆಗಳ ಬಾಗಿಲು ಕಿಟಕಿ ದುರಸ್ತಿ ಮಾಡುವುದನ್ನು ಕಲಿಸುವ ತರಬೇತಿಯೊಂದು ಹ್ಯೂಸ್ಟನ್‌ನಲ್ಲಿತ್ತು, ಅದಕ್ಕೆ ಸೇರಬೇಕು. ಕಲ್ಮೇಶ ಆಸ್ಟಿನ್‌ನಲ್ಲಿ ಇಂಜಿನಿಯರಿಂಗ್ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಗೊತ್ತು ಮಾಡಿದ್ದ.

ಆಯುಧಪೂಜೆಯ ದಿನ ಅದು ಹೊರಬಿತ್ತು. ಹೋಳಿಗೆ ಊಟಕ್ಕೆ ನಾನೂ ಹೋಗಿದ್ದೆ. ಕಲ್ಮೇಶ ಪ್ರತಿ ವರ್ಷದಂತೆ ಮಣೆಯ ಮೇಲೆ ಲ್ಯಾಪ್‌ಟಾಪ್, ಕಾರಿನ ಕೀ, ಹೆಂಡತಿ ಮಧುಶ್ರೀಯ ಮಿಕ್ಸರ್ ಇಟ್ಟು ಮಡಿಯುಟ್ಟು ಬಂದ. ನಡುವೆ ಒಂದು ಉಜ್ಜುಗೊರಡು, ಎರಡು ಉಳಿ ಇದ್ದವು. ಯಾರೋ ಒರೆಸಿ, ಕುಂಕುಮ ಹಚ್ಚಿ, ಒಂದೊಂದಕ್ಕೂ ಸೇವಂತಿಗೆ ಇಟ್ಟಿದ್ದರು. ಅಜ್ಜ ಮಾರುವ ತನಕ ನಮ್ಮ ಮನೆತನ ಪೀಳಿಗೆಗಳಿಂದ ಪೂಜಿಸಿದ್ದು ಅವನ್ನೇ. ಕಲ್ಮೇಶನ ಕೈಯಲ್ಲಿ ಆರತಿ ಹಾಗೇ ನಿಂತಿತು.

"ಇವನ್ನ ಯಾರು ಇಟ್ರು?"

"ನಾನೇ ಅಪ್ಪಾ. ಮೈ ಟೂಲ್ಸ್." ಪೂಜೆಯಲ್ಲಿ ಕಂಡರಾದರೂ ಅಪ್ಪ ಒಪ್ಪಿ ಖುಷಿಪಡುತ್ತಾನೆ ಎಂದುಕೊಂಡಿತ್ತು ಆ ಮಗು. ಅದೇ ಗಳಿಗೆಯಲ್ಲಿ ಹ್ಯೂಸ್ಟನ್ ವಿಷಯವನ್ನೂ ಹೇಳಿಬಿಟ್ಟಳು.

"ತಗಿ ಅವನ್ನ. ಇನ್ನ ಮ್ಯಾಲೆ ಈ ಸಾಮಾನು ಮುಟ್ಟಬ್ಯಾಡ. ಹ್ಯೂಸ್ಟನ್ ಗೀಸ್ಟನ್ ಏನಿಲ್ಲ, ಆಸ್ಟಿನ್‌ಗೆ ಹೋಗಾಕಿ ನೀ."

"ಬಟ್ ಐ ಲೈಕ್ ಇಟ್, ಅಪ್ಪಾ."

"ಬ್ಯಾರೆಯವರು ಈ ಕೆಲಸ ಮಾಡಿದ್ರ ಹಾಬಿ ಅಂತಾರ. ನಾವು ಮಾಡಿದ್ರ ಇವ್ರು ಹುಟ್ಟಿದ್ದೇ ಅದಕ್ಕ ಅಂತಾರ. ನಮ್ಮ ಹೆಸರು ಬಡಿಗೇರ ಐತಿ, ತಿಳೀತಾ?"

ಅವನ ಮಾತು ಪೂರ್ತಿ ಸುಳ್ಳಲ್ಲ. ನನಗೆ ಸಂಕಟವಾದದ್ದೂ ಅದಕ್ಕೇ. ಆದರೂ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಕಲ್ಮೇಶಾ, ಆ ಸಾಹೇಬ ಹೆಸರ ಕೇಳಿ ಅಜ್ಜಗ ಹಾದಿ ತೋರ್ಸಿದಾ. ನೀ ಅದೇ ಹೆಸರ ಹೇಳಿ ಇಕಿ ಹಾದಿ ಬಂದ್ ಮಾಡಾಕತ್ತಿ. ಅಜ್ಜಗ ಏನ ಬೇಕಿತ್ತಂತ ಅವಾ ಕೇಳ್ಲಿಲ್ಲ, ಇಕಿಗೆ ಏನ ಬೇಕಂತ ನೀ ಕೇಳವಲ್ಲಿ."

"ಅಕ್ಕಾ, ನೀ ಇದರಾಗ ಬರಬ್ಯಾಡ."

ನಿಧಿ ಅಳಲಿಲ್ಲ. ಕುಂಕುಮ ಹಚ್ಚಿದ ಹಾಗೇ ಮೂರನ್ನೂ ಎತ್ತಿಕೊಂಡು ಒಳಗೆ ಹೋದಳು. ಮಧುಶ್ರೀ ಹೋಳಿಗೆ ಬಡಿಸಿದಳು, ನಾವು ತಿಂದೆವು.

ಮರುವರ್ಷ ಆಗಸ್ಟಿನಲ್ಲಿ ಅವಳನ್ನು ಆಸ್ಟಿನ್‌ನ ಕಾಲೇಜು ಹಾಸ್ಟೆಲಿಗೆ ಬಿಡಲು ಹೋದಾಗ ನಾನೂ ಕಾರಿನಲ್ಲಿದ್ದೆ. ಓದುವ ಮೇಜು ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಎಲ್ಲ ಮಕ್ಕಳೂ ಸೇರುವ ವಾರವಾದ್ದರಿಂದ ಜೋಡಿಸುವ ಆಳು ಎಲ್ಲಿಯೂ ಸಿಗಲಿಲ್ಲ. ಕುರ್ಚಿ ಮೋನಪ್ಪನ ಮೊಮ್ಮಗ ಕಾರ್ಪೆಟ್ ಮೇಲೆ ಮೊಣಕಾಲೂರಿ ಕುಳಿತು ಮೇಜಿನ ಒಂದು ಕಾಲನ್ನು ತಲೆಕೆಳಗಾಗಿ ಸಿಕ್ಕಿಸಿದ, ಬಿಚ್ಚಿದ, ಮತ್ತೆ ಸಿಕ್ಕಿಸಿದ. ಅಂಗಿ ಬೆನ್ನಿಗೆ ಅಂಟಿತ್ತು.

"ನಿಧಿ, ಇದನ್ನೊಂದು ಸ್ವಲ್ಪ ಹಿಡಿ ಬಾ," ಎಂದ.

ಅವಳು ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು.

"ನಾ ಮುಟ್ಟಬಾರ್ದಲ್ಲ ಅಪ್ಪಾ."

ಕಲ್ಮೇಶ ಮತ್ತೆ ತಿರುಪುಗಳಿಗೆ ಕೈ ಹಾಕಿದ. ಕೈಲಾದಷ್ಟು ತಿರುಗಿಸಿ ಎದ್ದು ನಿಂತ. ಆ ಮೇಜು ಇವತ್ತಿಗೂ ಅಲುಗಾಡುತ್ತದೆ. ಸರಿ ಮಾಡಲು ನಿಧಿಗೆ ಒಂದು ನಿಮಿಷದ ಕೆಲಸ. ಅವಳು ಅದರ ಮೇಲೆಯೇ ಪುಸ್ತಕ ಇಟ್ಟುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾಳೆ.