ಬೀಗ ಹಾಕಲು ನಾನೇ ಕರೆಸಿದವನು

ನನ್ನ ಮೊಮ್ಮಕ್ಕಳೇ, ನಿಮ್ಮ ತಾತ ಕುಡಿದು ಸತ್ತರು ಎಂದು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ನನ್ನ ಪಾಲೂ ಇದೆ. ಎದುರು ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ತಾತ ಹೋದ ಮೇಲೆ ನಾನು ಗುಂಡ್ಲುಪೇಟೆಯಲ್ಲಿ ಒಬ್ಬ ರಿಟೈರಾದ ನರ್ಸಮ್ಮನ ಮನೆಯಲ್ಲಿ ಅಡುಗೆಗಿದ್ದೆ. ಅವರು ಕ್ರೈಸ್ತರು. ಕಣ್ಣಿನ ಆಪರೇಷನ್ ಆಗಿ ಅವರಿಗೆ ಓದಲಾಗುತ್ತಿರಲಿಲ್ಲ. ಏಳನೇ ಕ್ಲಾಸು ಓದಿದ್ದ ನಾನು ದಿನಾ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅವರ ಬೈಬಲನ್ನು ತಡವರಿಸುತ್ತ ಓದಿ ಹೇಳುತ್ತಿದ್ದೆ.

ಒಂದು ದಿನ ರಾಜನೊಬ್ಬ ಯುದ್ಧ ಗೆದ್ದ ಕಥೆ ಬಂತು. ರಾಜ ಅರಮನೆಯಲ್ಲೇ ಇದ್ದಾನೆ. ಸೇನಾಪತಿ ಹೋಗಿ ಶತ್ರುವಿನ ಪಟ್ಟಣಕ್ಕೆ ಮುತ್ತಿಗೆ ಹಾಕಿ, ಅದಕ್ಕೆ ನೀರು ಬರುವ ಜಾಗವನ್ನೂ ಹಿಡಿಯುತ್ತಾನೆ. ಇನ್ನೇನು ಗೆದ್ದ ಎನ್ನುವಾಗ ರಾಜನಿಗೆ ಹೇಳಿ ಕಳಿಸುತ್ತಾನೆ, ನೀವೇ ಬಂದು ಗೆದ್ದುಕೊಳ್ಳಿ, ನಾನು ಗೆದ್ದರೆ ನನ್ನ ಹೆಸರಾಗಿಬಿಡುತ್ತದೆ ಎಂದು. ರಾಜ ಬಂದ, ಗೆದ್ದ, ಕಿರೀಟ ಇಟ್ಟುಕೊಂಡ.

ನಾನು ಅಲ್ಲೇ ನಿಲ್ಲಿಸಿಬಿಟ್ಟೆ.

“ಯಾಕಮ್ಮ, ಅಕ್ಷರ ಕಾಣ್ತಿಲ್ವಾ?” ಎಂದರು ನರ್ಸಮ್ಮ.

“ಕಾಣ್ತದೆ ಅಮ್ಮಾವ್ರೆ. ಆ ಸೇನಾಪತಿ ರಾಜನ್ನ ಯಾಕೆ ಕರೆಸ್ದ?”

“ನಿಷ್ಠೆ ಕಣಮ್ಮ. ತನ್ನ ಹೆಸರಿಗೆ ಆಸೆ ಪಡಲಿಲ್ಲ. ಎಂಥ ದೊಡ್ಡ ಗುಣ!”

ಅಂಥ ದೊಡ್ಡ ಗುಣ ನನ್ನಲ್ಲೂ ಇತ್ತು.

ನಮ್ಮೂರ ಸಾರಾಯಿ ಅಂಗಡಿ ಮುಚ್ಚಿಸಲು ಮಹಿಳಾ ಸಂಘದ ಹೆಂಗಸರು ಒಂದು ತಿಂಗಳು ಅದರ ಬಾಗಿಲಿಗೆ ಅಡ್ಡ ಕೂತಿದ್ದೆವು. ಕೂಲಿ ತಪ್ಪಬಾರದೆಂದು ಹುಣಸೆಹಣ್ಣಿನ ಮೂಟೆಗಳನ್ನು ಅಲ್ಲಿಗೇ ಹೊತ್ತು ತಂದು ಬೀಜ ಬಿಡಿಸುತ್ತಿದ್ದೆವು. ಕುಡಿಯಲು ಬಂದ ಗಂಡಸರು ಹೆಂಡತಿ, ಅತ್ತಿಗೆಯರನ್ನು ದಾಟಲಾರದೆ ಹಿಂದಕ್ಕೆ ಹೋದರು. ನಿಮ್ಮ ತಾತನೂ ಹೋದರು. ಕೊನೆಗೆ ಅಂಗಡಿಯವನು ಸರಕು ತುಂಬಿಕೊಂಡು ಹೊರಟ. ಮೊದಲ ದಿನ ಹೋಗಿ ಕೂತವಳು ನಾನೆಂದು ಬೀಗ ನನ್ನ ಕೈಗೆ ಕೊಟ್ಟರು.

“ನನ್ ಕೈಲಾಗಲ್ಲ ಕಣ್ರವ್ವ. ಮೆಂಬರ್ನ ಕರೀರಿ. ದೊಡ್ಡೋರು ಆಕುದ್ರೆ ನಿಲ್ತದೆ” ಎಂದೆ.

“ಗಂಡನ್ನ ಬಯ್ಯಕ್ ಬಾಯದೆ, ಬೀಗ ಆಕಕ್ ಕೈಯಿಲ್ವಾ?” ಎಂದು ಪಕ್ಕದವಳು ನಕ್ಕಳು.

ಪಂಚಾಯ್ತಿ ಮೆಂಬರು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬಂದರು. ಬೀಗ ಹಾಕಿದರು, ಹಾರ ಹಾಕಿಸಿಕೊಂಡರು, ಬೀಗದ ಕೈಯನ್ನು ಜೇಬಿಗಿಟ್ಟುಕೊಂಡು ಹೋದರು. ನಾವು ಯಾರೂ ವಾಪಸ್ ಕೇಳಲಿಲ್ಲ.

ನಾಲ್ಕು ತಿಂಗಳು ನಿಮ್ಮ ತಾತ ಸಂಜೆ ನೆಟ್ಟಗೆ ಮನೆಗೆ ಬಂದು ಉಂಡರು. ಒಂದು ಸಲ ಚಾಮರಾಜನಗರದ ಸಂತೆಯಿಂದ ನನಗೆ ಬಳೆ ತಂದರು. ಅಳತೆ ಸಣ್ಣದಾಗಿತ್ತು. ಸೋಪು ಹಚ್ಚಿ ಏರಿಸಿಕೊಂಡೆ.

ದೀಪಾವಳಿ ಕಳೆದ ಮೇಲೆ ಅಂಗಡಿ ಮತ್ತೆ ತೆರೆಯಿತು. ಕೇಳಲು ಹೋದೆವು. “ಮುಚ್ಚಿಸ್ದೋನು ನಾನು, ತೆಗೆಸ್ದೋನೂ ನಾನೇ. ನಿಮ್ದೇನಮ್ಮ ಇದ್ರಲ್ಲಿ?” ಎಂದರು ಮೆಂಬರು. ಮತ್ತೆ ಕೂರೋಣವೆಂದರೆ ಅವರನ್ನು ಎದುರು ಹಾಕಿಕೊಳ್ಳಲು ಯಾರೂ ಒಪ್ಪಲಿಲ್ಲ. ಒಬ್ಬಳೇ ಹೋಗಿ ಕೂರುವ ಧೈರ್ಯ ನನಗೂ ಇರಲಿಲ್ಲ. ಒಂದೂವರೆ ವರ್ಷಕ್ಕೆ ತಾತ ಹೋದರು.

ಆ ಕಥೆ ಓದಿದ ಮಧ್ಯಾಹ್ನ ನನಗೆ ರಾಜನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ, ಸೇನಾಪತಿಯ ಮೇಲೆ ಬಂತು. ಉಳಿದದ್ದನ್ನು ಓದಿ ಮುಗಿಸಿದೆ.

ಅಂಗಡಿ ಮುಚ್ಚಿಸಿದ್ದು ಯಾರೆಂದು ಕೇಳಿದರೆ ಊರಲ್ಲಿ ಇವತ್ತಿಗೂ ಮೆಂಬರ ಹೆಸರನ್ನೇ ಹೇಳುತ್ತಾರೆ. ನಿಮ್ಮ ತಾತ ನಾಲ್ಕು ತಿಂಗಳು ಕುಡಿಯದೆ ಇದ್ದರು ಎಂಬುದಂತೂ ಯಾರಿಗೂ ನೆನಪಿಲ್ಲ. ಅದು ಈ ಹಾಳೆಗಳಲ್ಲಿ ಮಾತ್ರ ಇದೆ. ಗೆದ್ದಲು ಹಿಡಿಯದ ಕಡೆ ಇಡಿ.