ಒಂದು ತಾಸು ಬಿಟ್ಟು ಕರೆಯಿರಿ

ರಿಚ್ಮಂಡ್ ಹಿಲ್‌ನ ಆ ಮನೆಯ ಬೇಸ್‌ಮೆಂಟಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಬಾಡಿಗೆಗೆ ಬಂದ ಮೊದಲ ವಾರದಲ್ಲೇ ತನ್ವಿಗೆ ಅದು ತಿಳಿಯಿತು. ವೈಫೈ ಮೂಲಕ ಬಂದ ಕರೆ ಎರಡು ಸಲ ನಡುವೆ ಕಡಿದುಹೋದ ಮೇಲೆ ಅವಳಿಗೂ ಮನೆಯೊಡತಿ ಜಯಾಬಾಯಿಗೂ ಒಂದು ಒಪ್ಪಂದವಾಯಿತು. ಅವಳು ಮಲಗುವಾಗ ಫೋನು ಮೇಲಿನ ಅಡುಗೆಮನೆಯ ಕಿಟಕಿಯ ಬಳಿ ಇರಬೇಕು. ಅದು ಸದ್ದು ಮಾಡಿದರೆ ಜಯಾಬಾಯಿ ಕೆಳಗೆ ತಂದುಕೊಡಬೇಕು.

"ನೀವು ಎತ್ತಬೇಡಿ ಆಂಟಿ, ತಂದು ಕೊಟ್ರೆ ಸಾಕು. ಹದಿನೈದು ನಿಮಿಷದೊಳಗೆ ನಾನು ವಾಪಸ್ ಕಾಲ್ ಮಾಡಿದ್ರೆ ನಡೆಯತ್ತೆ."

"ನನಗ ಹೇಳಿಕೊಡ್ತೀ ಏನ? ಮೂವತ್ತು ವರ್ಷ ಡಾಕ್ಟರ್ ಮನಿ ಫೋನ್ ಕಾಯ್ದಾಕಿ ನಾ."

ಜಯಾಬಾಯಿಗೆ ಎಪ್ಪತ್ತಾರು. ಧಾರವಾಡದಲ್ಲಿ ಮದುವೆಯಾಗಿ ಈ ದೇಶಕ್ಕೆ ಬಂದವರು. ಅವರ ಪತಿ ಡಾಕ್ಟರ್ ಯೋಗೇಶ ಶಸ್ತ್ರವೈದ್ಯರಾಗಿದ್ದರು. ತೀರಿಕೊಂಡು ಮೂರು ವರ್ಷವಾಗಿತ್ತು. ಹೊರಗಿನ ಕೆಲಸವೆಂಬುದನ್ನು ಜಯಾಬಾಯಿ ಎಂದೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಗಂಡನ ನಿದ್ದೆ ಕಾಯುವ ಕೆಲಸ. ಆಸ್ಪತ್ರೆಯಿಂದ ಕರೆ ಬಂದಾಗ ಅವರ ಬಾಯಲ್ಲಿ ಒಂದು ಸಿದ್ಧ ಉತ್ತರ ಇರುತ್ತಿತ್ತು: ಡಾಕ್ಟರು ರಾತ್ರಿಯಿಡೀ ನಿದ್ದೆ ಮಾಡಿಲ್ಲ, ಈಗಷ್ಟೇ ಮಲಗಿದ್ದಾರೆ, ಒಂದು ತಾಸು ಬಿಟ್ಟು ಕರೆಯಿರಿ. ಅದು ಯಾವಾಗಲೂ ನಿಜವಾಗಿರುತ್ತಿರಲಿಲ್ಲ. ಆದರೆ ಆಸ್ಪತ್ರೆಯವರು ಕ್ಷಮೆ ಕೇಳಿ ಫೋನ್ ಇಡುತ್ತಿದ್ದರು. ಗಂಡ ಅರವತ್ತರವರೆಗೂ ಕೈ ನಡುಗದೆ ಕೆಲಸ ಮಾಡಿದ್ದರಲ್ಲಿ ತಮ್ಮದೂ ಪಾಲಿದೆ ಎಂದು ಅವರು ಒಳಗೊಳಗೇ ನಂಬಿದ್ದರು.

ತನ್ವಿ ಮೈಸೂರಿನವಳು, ಇಪ್ಪತ್ತೊಂಬತ್ತರ ವಯಸ್ಸು. ಹತ್ತಿರದ ಒಶಾವಾ ಊರಿನಲ್ಲಿ ನಾಲ್ಕು ವರ್ಷ ಪುಟ್ಟ ವಿಮಾನಗಳಲ್ಲಿ ಕಲಿಯುವವರ ಪಕ್ಕ ಕುಳಿತು ಪಾಠ ಹೇಳಿ, ಕಡೆಗೆ ಒಂದು ಏರ್‌ಲೈನ್‌ಗೆ ಪೈಲಟ್ ಆಗಿ ಸೇರಿದ್ದಳು. ಹಿರಿಯ ಪೈಲಟ್‌ಗಳಿಗೆ ತಿಂಗಳ ಮೊದಲೇ ತಮ್ಮ ಹಾರಾಟಗಳು ಗೊತ್ತಿರುತ್ತವೆ. ಹೊಸಬರಿಗೆ ಗೊತ್ತಿರುವುದು ಕಾಯಬೇಕಾದ ದಿನಗಳು ಮಾತ್ರ. ಅದನ್ನು ರಿಸರ್ವ್ ಎನ್ನುತ್ತಾರೆ. ಯಾರಿಗೋ ಜ್ವರ ಬಂದರೆ, ಯಾರದೋ ವಿಮಾನ ಹಿಮದಲ್ಲಿ ಸಿಕ್ಕಿಕೊಂಡರೆ ಪಾಳಿ ಹಂಚುವ ಶೆಡ್ಯೂಲಿಂಗ್‌ನವರು ಪಟ್ಟಿಯಲ್ಲಿ ಮುಂದಿರುವವರನ್ನು ಕರೆಯುತ್ತಾರೆ. ಕರೆ ಬಂದ ಎರಡು ತಾಸಿನೊಳಗೆ ವಿಮಾನನಿಲ್ದಾಣದಲ್ಲಿ ಇರಬೇಕು. ಕರೆ ಬಾರದೆಯೇ ವಾರ ಕಳೆಯುವುದೂ ಉಂಟು. ದೇವಸ್ಥಾನಕ್ಕೆ ಹೋದರೂ ತನ್ವಿ ಯೂನಿಫಾರ್ಮನ್ನು ಕಾರಿನಲ್ಲಿಟ್ಟುಕೊಂಡು, ಪ್ರಸಾದಕ್ಕೆ ಕಾಯದೆ ಬರುತ್ತಿದ್ದಳು.

"ವಿಮಾನ ಹಾರಸ್ತೀನಿ ಅಂತ ಬಂದಿ. ನಾ ನೋಡಿದಾಗೆಲ್ಲ ನಮ್ಮ ಸೋಫಾನ ಹಾರಸ್ಲಿಕ್ಕೆ ಹತ್ತೀಯಲ್ಲವಾ," ಎಂದು ಜಯಾಬಾಯಿ ಕೆಣಕುವರು.

"ಲ್ಯಾಂಡಿಂಗ್ ಮಾತ್ರ ಸೂಪರ್ ಅಲ್ವಾ ಆಂಟಿ? ಒಂದು ಚೂರೂ ಸೌಂಡಿಲ್ಲ."

ಮೊದಲ ಒಂದು ವರ್ಷ ಪ್ರೊಬೇಷನ್. ಆ ಅವಧಿಯಲ್ಲಿ ಕಂಪನಿ ಬೇಡವೆಂದರೆ ಮುಗಿಯಿತು, ಯೂನಿಯನ್‌ನವರೂ ಹೆಚ್ಚೇನೂ ಮಾಡಲಾರರು. ಬೇಸಿಗೆಯಲ್ಲಿ ಒಮ್ಮೆ ಹೈವೇಯಲ್ಲಿ ಸಿಕ್ಕಿಕೊಂಡು ತನ್ವಿ ಇಪ್ಪತ್ತು ನಿಮಿಷ ತಡವಾಗಿ ತಲುಪಿದ್ದಕ್ಕೆ ಎಚ್ಚರಿಕೆಯ ಪತ್ರವೊಂದು ಬಂದಿತ್ತು. ವರ್ಷ ಮುಗಿಯುವುದು ನವೆಂಬರ್ ಹದಿನೇಳಕ್ಕೆ. ಅಂದು ಹೋಳಿಗಿ ಮಾಡುವುದೆಂದು ಜಯಾಬಾಯಿ ತಾವಾಗಿಯೇ ನಿಶ್ಚಯಿಸಿದ್ದರು.

ನವೆಂಬರ್ ಎರಡು, ಗುರುವಾರ. ಹಿಂದಿನ ವಾರವೆಲ್ಲ ತನ್ವಿಯ ಕಾಯುವ ಪಾಳಿ ಮಧ್ಯಾಹ್ನದ ನಂತರ ಆರಂಭವಾಗುತ್ತಿತ್ತು. ಅಂದು ಬೆಳಗಿನ ಐದಕ್ಕೇ. ಹನ್ನೊಂದೂವರೆಗೆ ಅವಳು ಮೇಲೆ ಬಂದು ಎರಡು ತುತ್ತು ಅನ್ನ ಸಾರು ಉಂಡು, ಫೋನನ್ನು ಕಿಟಕಿಯ ಬಳಿಯಿಟ್ಟು ಹೇಳಿದಳು: "ಸ್ವಲ್ಪ ಮಲಗ್ತೀನಿ ಆಂಟಿ. ರಾತ್ರಿ ನಿದ್ದೆ ಓಕೆ ಇತ್ತು. ಆದ್ರೂ ಈಗ ಮಲಗಿದ್ರೆ ಸಂಜೆ ಕರೆದರೂ ಫ್ರೆಶ್ ಆಗಿರ್ತೀನಿ."

ಒಂದು ಗಂಟೆ ಹತ್ತು ನಿಮಿಷಕ್ಕೆ ಫೋನು ಬಂತು. ಜಯಾಬಾಯಿ ಅದನ್ನು ಹಿಡಿದು ಮೆಟ್ಟಿಲಿಳಿದರು. ಬೇಸ್‌ಮೆಂಟಿನ ಬಾಗಿಲು ಅರೆ ತೆರೆದಿತ್ತು. ಹುಡುಗಿ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಮಡಚಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಮೆಟ್ಟಿಲ ಮೇಲೆ ಫೋನು ಸದ್ದು ನಿಲ್ಲಿಸಿತು. ಅವರು ಹಾಗೆಯೇ ನಿಂತು ನೋಡಿದರು. ಮತ್ತೆ ಮೇಲೆ ಬಂದಾಗ ಅದು ಪುನಃ ಸದ್ದು ಮಾಡಿತು. ಅವರು ಎತ್ತಿದರು.

ಅತ್ತಲಿಂದ ಒಂದು ಗಂಡು ಧ್ವನಿ ತನ್ವಿಯನ್ನು ಕೇಳಿತು. ಜಯಾಬಾಯಿ ತಮ್ಮ ಒಳ್ಳೆಯ ಇಂಗ್ಲಿಷಿನಲ್ಲಿ, ಮೂವತ್ತು ವರ್ಷ ರೂಢಿಯಾಗಿದ್ದ ವಿನಯದಲ್ಲಿ ಉತ್ತರಿಸಿದರು: ಅವಳು ರಾತ್ರಿಯಿಡೀ ನಿದ್ದೆ ಮಾಡಿಲ್ಲ, ಈಗಷ್ಟೇ ಮಲಗಿದ್ದಾಳೆ, ದಯವಿಟ್ಟು ಒಂದು ತಾಸು ಬಿಟ್ಟು ಕರೆಯಿರಿ. ಆತ ಧನ್ಯವಾದ ಹೇಳಿ ಫೋನ್ ಇಟ್ಟ. ಜಯಾಬಾಯಿಗೆ ಹಳೆಯ ತೃಪ್ತಿಯಾಯಿತು.

ಎರಡಕ್ಕೆ ಹತ್ತು ನಿಮಿಷವಿರುವಾಗ ತನ್ವಿ ಕಣ್ಣುಜ್ಜಿಕೊಳ್ಳುತ್ತ ಮೇಲೆ ಬಂದಳು.

"ಏನಾದ್ರೂ ಕಾಲ್ ಬಂತಾ ಆಂಟಿ?"

"ಬಂದಿತ್ತು. ಒಂದು ತಾಸು ಬಿಟ್ಟು ಮಾಡ್ರಿ ಅಂತ ಹೇಳೇನಿ. ಭಾಳ ಛಲೋ ಮನಶ್ಯಾ, ಥ್ಯಾಂಕ್ಸ್ ಅಂದ."

"ನೀವು ಎತ್ತಿದ್ರಾ? ಏನ್ ಹೇಳಿದ್ರಿ? ಅದೇ ಮಾತಲ್ಲಿ ಹೇಳಿ ಆಂಟಿ, ಪ್ಲೀಸ್."

ಜಯಾಬಾಯಿ ಹೇಳಿದರು. ತನ್ವಿ ನಿಂತಲ್ಲೇ ಕಚೇರಿಗೆ ಕರೆ ಮಾಡಿದಳು. ತಾನು ಚೆನ್ನಾಗಿ ನಿದ್ದೆ ಮಾಡಿರುವೆನೆಂದೂ ಈಗಲೇ ಹೊರಡುವೆನೆಂದೂ ಮೂರು ಸಲ ಹೇಳಿದಳು. ಅತ್ತಲಿನ ಧ್ವನಿ ಒರಟಾಗಿರಲಿಲ್ಲ, ನಿಯಮವನ್ನಷ್ಟೇ ವಿವರಿಸಿತು. ಆ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ರಾತ್ರಿಯಿಡೀ ನಿದ್ದೆಯಿಲ್ಲವೆಂದು ದಾಖಲಾದ ಮೇಲೆ ಅವಳನ್ನು ವಿಮಾನದಲ್ಲಿ ಕೂರಿಸಲು ಬರುವುದಿಲ್ಲ. ನಿದ್ದೆಯಿಲ್ಲದ್ದು ನಿಜವಾದರೆ ಬೆಳಗಿನ ಐದಕ್ಕೇ ಅವಳು ತಾನಾಗಿ ತಿಳಿಸಬೇಕಿತ್ತು.

ಮುಂದಿನ ಬುಧವಾರ ಕಂಪನಿಯವರು ವಿಚಾರಣೆಗೆ ಕರೆದರೆಂದು ಅವಳು ಕಚೇರಿಗೆ ಹೋಗಿಬಂದಳು. ಜಯಾಬಾಯಿ ಬಾಗಿಲಲ್ಲೇ ಕಾಯುತ್ತಿದ್ದರು.

"ನಾ ಸುಳ್ಳು ಹೇಳೇನಿ ಅಂತ ಬರದು ಕೊಡ್ತೀನಿ. ಬೇಕಾದ್ರ ಬಂದು ನಿಂತು ಹೇಳ್ತೀನಿ. ಮುದುಕಿ, ತಿಳೀಲಿಲ್ಲ ಅಂತ."

"ಅದನ್ನೇ ಹೇಳ್ದೆ ಆಂಟಿ. ಆಗ ಅವ್ರು ಕೇಳಿದ್ರು, ನಿಮ್ಮ ಡ್ಯೂಟಿ ಫೋನು ಬೇರೆಯವರ ಕೈಲಿ ಯಾಕಿತ್ತು ಅಂತ." ತನ್ವಿ ಶೂ ಬಿಚ್ಚಿ ಜೋಡಿಸಿಟ್ಟಳು. "ಅಷ್ಟೇ, ಕೆಲಸ ಹೋಯ್ತು. ಬ್ಯಾಡ್ಜ್ ಅಲ್ಲೇ ಕೊಟ್ಟು ಬಂದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಜಯಾಬಾಯಿಗೆ ಹಗುರವಾಗುತ್ತಿತ್ತೇನೋ. ಹದಿನೈದನೆಯ ತಾರೀಖು ಒಶಾವಾದ ಗೆಳತಿಯೊಬ್ಬಳು ಕಾರು ತಂದಳು. ತನ್ವಿ ಬೇಸ್‌ಮೆಂಟು ಗುಡಿಸಿ, ಬೀಗದ ಕೈ ಮೇಜಿನ ಮೇಲಿಟ್ಟು, ಬಗ್ಗಿ ಜಯಾಬಾಯಿಯ ಕಾಲು ಮುಟ್ಟಿದಳು.

"ಅವತ್ತಿನ ವಿಮಾನ ಏನಾತು?" ಎಂದು ಜಯಾಬಾಯಿ ಕೇಳಿದರು.

"ಹ್ಯಾಲಿಫ್ಯಾಕ್ಸ್‌ಗೆ ಹೋಗ್ಬೇಕಿತ್ತಲ್ಲ, ಅದಾ? ಬೇರೆ ಪೈಲಟ್ ಸಿಕ್ಕು ಹೊರಡೋಕೆ ಮೂರು ಗಂಟೆ ಲೇಟಾಯ್ತಂತೆ."

"ಅದರಾಗ ಕುಂತವರಿಗೆ ಏನಾತು?"

"ಗೊತ್ತಿಲ್ಲ ಆಂಟಿ. ನಮಗೆ ಅದು ಯಾವತ್ತೂ ಗೊತ್ತಾಗಲ್ಲ."

ಕಾರು ಹೋದ ಮೇಲೆ ಜಯಾಬಾಯಿ ಅಡುಗೆಮನೆಗೆ ಬಂದು ಕುಳಿತರು. ಗಂಡನಿಗಾಗಿ ಅವರು ಬೇಡಿ ಪಡೆದ ತಾಸುಗಳು ಎಷ್ಟಿದ್ದವೋ ಲೆಕ್ಕವಿಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಏನು ನಡೆಯಿತೆಂದು ಅವರು ಒಮ್ಮೆಯೂ ಕೇಳಿರಲಿಲ್ಲ, ಗಂಡನೂ ಹೇಳಿರಲಿಲ್ಲ. ಒಂದು ಭಾನುವಾರ ಮಾತ್ರ, ಹಾಗೆ ತಡವಾಗಿ ಆಸ್ಪತ್ರೆಗೆ ಹೋದ ಡಾಕ್ಟರು ಸಂಜೆ ಮರಳಿ ಬಂದು, ಗರಾಜಿನಲ್ಲಿ ಕಾರಿನ ಎಂಜಿನ್ ಆರಿಸಿ, ಇಳಿಯದೆ ಮುಕ್ಕಾಲು ತಾಸು ಕುಳಿತಿದ್ದರು. ಬರೀ ದಣಿವೆಂದು ಆಗ ಭಾವಿಸಿ ಜಯಾಬಾಯಿ ಕರೆಯಲು ಹೋಗಲಿಲ್ಲ. ಅನ್ನವನ್ನು ಎರಡು ಸಲ ಬಿಸಿ ಮಾಡಿದ್ದರು.